ಕಪಿಲನ ಎಡೆ

ಚಿಂತಾಕಿ
9 ಫೆಬ್ರುವರಿ 2024

ಮುಕ್ತಾ,

ಇಲ್ಲಿ ಕುರಿಗಳೆಲ್ಲ ಸುಖವಾಗಿವೆ. ಮನುಷ್ಯರ ಸುದ್ದಿಗೆ ಆಮೇಲೆ ಬರುತ್ತೇನೆ.

ಫೋನು ಬಿಟ್ಟು ಮಾಮಾ ಯಾಕೆ ಕಾಗದ ಹಿಡಿದ ಎಂದು ನಗಬೇಡ. ಮನೆಯಲ್ಲಿರುವುದು ಒಂದೇ ಫೋನು. ಅದು ಸದಾ ನನ್ನ ಮಗಳು ಪೂನಮಳ ಕೈಯಲ್ಲಿ, ಅದರ ಪಕ್ಕದಲ್ಲಿ ಸದಾ ನಿನ್ನ ಅಕ್ಕ ರಾಧಿಕಾಳ ಕಿವಿ. ಈ ಸುದ್ದಿ ಆ ಕಿವಿಗೆ ಬೀಳಬಾರದು. ಅಲ್ಲದೆ ಏಳನೇ ಇಯತ್ತೆ ಮುಗಿಸುವ ತನಕ ಚಿಂತಾಕಿಯ ಸಾಲಿಯಲ್ಲಿ ಬೋರ್ಡಿನ ಮೇಲೆ ಸುವಿಚಾರ ಬರೆಯುವ ಹಕ್ಕು ನನ್ನೊಬ್ಬನದಾಗಿತ್ತು. ಈ ಅಕ್ಷರವನ್ನು ನಿನ್ನ ಪ್ರಯೋಗಾಲಯದ ದೊಡ್ಡ ಜನರಿಗೂ ತೋರಿಸು, ಸ್ವಲ್ಪ ನಾಚಿಕೊಳ್ಳಲಿ. ಉತ್ತರ ಮಾತ್ರ ಮನೆಗೆ ಹಾಕಬೇಡ. ಠಾಣಾ ಕುಶನೂರದ ಬಸ್ ನಿಲ್ದಾಣದ ಎದುರಿಗೆ ನನ್ನ ದೋಸ್ತ ಗೌಸೋದ್ದೀನನ ಚಹಾ ಹೋಟೆಲು ಇದೆ, ಅಲ್ಲಿಗೆ ಹಾಕು.

ನೀನು ಒಂದು ಕಡೆಯಿಂದ ನನಗೆ ಅಕ್ಕನ ಮಗಳು, ಇನ್ನೊಂದು ಕಡೆಯಿಂದ ಹೆಂಡತಿಯ ತಂಗಿ. ಅಕ್ಕ ಪುತಳಾಬಾಯಿಯ ಹಿರಿಮಗಳನ್ನು ಕಟ್ಟಿಕೊಂಡ ಪುಣ್ಯಕ್ಕೆ ಕಿರಿಮಗಳ ಮೇಲೆ ಎರಡು ಹಕ್ಕು. ಎರಡೂ ಹಕ್ಕಿನಿಂದ ಹೇಳುತ್ತೇನೆ, ಇದು ನಿನ್ನಲ್ಲೇ ಇರಲಿ.

ಮಗ ಕಪಿಲನನ್ನು ಮಣ್ಣಿಗಿಟ್ಟು ಮೂರನೇ ದಿನಕ್ಕೆ ನೀನು ಹೈದರಾಬಾದಿಗೆ ಹೋದೆ. ಹತ್ತನೇ ದಿನ ಅದೇ ಹೊಲದ ಬದುವಿನ ಮೇಲೆ ಎಡೆ ಇಟ್ಟೆವು. ಅನ್ನದ ಮುದ್ದೆ, ಬೇಳೆ, ಅವನಿಗೆ ಪ್ರೀತಿಯ ಶೇಂಗಾ ಹೋಳಿಗೆ. ಕಾಗೆ ಬಂದು ಮುಟ್ಟಿದರೆ ಹೋದವನ ಆಸೆ ತೀರಿತು, ಮುಟ್ಟದಿದ್ದರೆ ಏನೋ ಉಳಿದಿದೆ ಎಂದು ನಮ್ಮ ಪದ್ಧತಿ ನಿನಗೆ ಗೊತ್ತೇ ಇದೆ. ಮುಟ್ಟುವ ತನಕ ನೀರೂ ಕುಡಿಯುವುದಿಲ್ಲ ಎಂದು ರಾಧಿಕಾ ಕೂತಳು. ಕಾಗೆಗಳು ಬೇವಿನ ಮರದ ಮೇಲೆ ಪಂಚಾಯತಿ ಮಾಡುತ್ತ ಕೂತಿದ್ದವೇ ಹೊರತು ಒಂದೂ ಇಳಿಯಲಿಲ್ಲ.

“ಕಪಿಲಾ, ನಿನ್ನ ಕರಿ ಮರಿ ಮಾರೂದಿಲ್ಲಪಾ, ಬಾ,” ಎಂದೆ ನಾನು. ಬರಲಿಲ್ಲ.

“ನಿನ್ನ ಅಕ್ಕ ಪೂನಮನ್ನ ಛಲೋ ಓದಸ್ತೇವಿ, ಬಾರೋ ನನ್ನ ರಾಜಾ,” ಎಂದಳು ನಿನ್ನ ಅವ್ವ. ಬರಲಿಲ್ಲ.

ಬಿಸಿಲು ನೆತ್ತಿಗೇರಿತು. ರಾಧಿಕಾ ತುಟಿ ಬಿಳಚಿಕೊಂಡು ಕೂತಲ್ಲೇ ಓಲಾಡತೊಡಗಿದಳು. ಆಗ ಈ ದತ್ತಾತ್ರಿಯ ತಲೆ ಓಡಿತು. ನಾಯಿಗೆಂದು ಇಟ್ಟುಕೊಂಡಿದ್ದ ಒಣ ಕುರಿಮಾಂಸದ ಖಂಡವೊಂದು ಜೇಬಿನಲ್ಲಿತ್ತು. ಕೈ ಮುಗಿಯುವ ನೆಪದಲ್ಲಿ ಬಗ್ಗಿ, ಅನ್ನದ ಮುದ್ದೆಯಲ್ಲಿ ಅರ್ಧ ಹೊರಗೆ ಕಾಣುವಂತೆ ಸಿಕ್ಕಿಸಿದೆ. ಅದೇ ಹೊತ್ತಿಗೆ ರಾಧಿಕಾ ಎದ್ದು ನಿಂತು ಕೂಗಿದಳು: “ನಿನ್ನ ಓಟ ನಿನ್ನ ಅಕ್ಕ ಓಡ್ತಾಳ! ಬೀದರಕ್ಕ ಹೋಗಿ ಓಡ್ತಾಳ! ನನ್ನ ಆಣಿ, ಬಾ ಕಪಿಲಾ!”

ಎರಡು ಕಾಗೆ ಒಟ್ಟಿಗೆ ಇಳಿದವು. ಅಲ್ಲಿದ್ದವರೆಲ್ಲ ಅತ್ತರು. ಜಿಲ್ಲೆಯ ಓಟಕ್ಕೆಂದು ಸಾಲಿಯ ಮೈದಾನದಲ್ಲಿ ಓಡುತ್ತಲೇ ಬಿದ್ದು ಸತ್ತ ಹುಡುಗ, ಇನ್ನೇನು ಕೇಳಿಯಾನು ಎಂದರು. ನನಗೆ ಒಳಗೊಳಗೇ ನಗೆ. ಅಂದು ಸಂಜೆ ಹತ್ತು ದಿನದ ಮೇಲೆ ನಿನ್ನ ಅಕ್ಕ ಒಂದು ಇಡೀ ರೊಟ್ಟಿ ಉಂಡಳು. ಕಾಗೆಗೆ ಟೋಪಿ ಹಾಕಿದವನು ಬೀದರ ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು. ಇಷ್ಟು ದೊಡ್ಡ ಪರಾಕ್ರಮವನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳಲಾರದೆ ಬರೆದೆ.

ಕಪಿಲನ ಬೂಟು ಇನ್ನೂ ಬಾಗಿಲ ಬಳಿಯೇ ಇವೆ. ತೆಗೆದಿಡಲು ಯಾರೂ ಒಲ್ಲರು.

ನಿನ್ನ ಹುಲಿಯಂಥ ಮಾಮಾ,
ದತ್ತಾತ್ರಿ


ಹೈದರಾಬಾದ
24 ಮಾರ್ಚ್ 2024

ಪ್ರೀತಿಯ ಮಾಮಾ,

ನಿಮ್ಮ ಕಾಗದವನ್ನು ಯಾರಿಗೂ ತೋರಿಸಿಲ್ಲ. ಕಾಗೆಯ ಮಾತಿಗೆ ಏನು ಹೇಳಬೇಕೋ ತಿಳಿಯದೆ ಇಷ್ಟು ದಿನ ಸುಮ್ಮನಿದ್ದೆ. ಈಗ ಸುಮ್ಮನಿರುವಂತಿಲ್ಲ.

ದೀಪಾವಳಿಗೆ ಬಂದಾಗ ನಿಮ್ಮ ನಾಲ್ವರ ರಕ್ತ ತೆಗೆದುಕೊಂಡು ಹೋಗಿದ್ದೆನಲ್ಲ. ದಸರೆಯಲ್ಲಿ ಕುರಿಯ ಹಿಂದೆ ಓಡುತ್ತ ಕಪಿಲ ಮೂರ್ಛೆ ಹೋದದ್ದನ್ನು ಡಾಕ್ಟರು ಫಿಟ್ಸ್ ಎಂದಿದ್ದರು. ಓಡುವಾಗ ಮಾತ್ರ ಬರುವ ಫಿಟ್ಸ್ ಎಂಬುದರಲ್ಲಿ ನನಗೆ ನಂಬಿಕೆ ಇರಲಿಲ್ಲ. ಹೃದಯದ ಮೇಲೆ ಅನುಮಾನವಿತ್ತು. ಪರೀಕ್ಷೆಯ ಫಲ ಬರುವ ಮೊದಲೇ ಅವನು ಹೋದ.

ಈಗ ಬಂದಿದೆ. ಹೃದಯದ ಒಂದು ಪ್ರೋಟೀನು ತಯಾರಾಗುವ ಪಾಠದಲ್ಲಿ ಒಂದು ಅಕ್ಷರ ಬದಲಾಗಿದೆ. ಪ್ರತಿಯೊಬ್ಬರಲ್ಲೂ ಆ ಪಾಠದ ಎರಡು ಪ್ರತಿ ಇರುತ್ತವೆ, ಒಂದು ಅಪ್ಪನದು, ಒಂದು ಅವ್ವನದು. ನಿಮ್ಮಲ್ಲಿ ಒಂದು ಪ್ರತಿ ಕೆಟ್ಟಿದೆ, ಒಂದು ಸರಿಯಿದೆ. ಅಕ್ಕನಲ್ಲೂ ಹಾಗೆಯೇ. ನೀವಿಬ್ಬರೂ ಒಂದೇ ಮನೆಯ ರಕ್ತ ಮಾಮಾ; ನಿಮ್ಮ ಅವ್ವನಿಂದ ನಿಮಗೂ ನನ್ನ ಅವ್ವನಿಗೂ, ನನ್ನ ಅವ್ವನಿಂದ ಅಕ್ಕನಿಗೂ ಅದು ಬಂದಿರಬೇಕು. ಕಪಿಲನಲ್ಲಿ ಎರಡೂ ಪ್ರತಿ ಕೆಟ್ಟಿದ್ದವು.

ಪೂನಮಳಲ್ಲೂ ಎರಡೂ ಕೆಟ್ಟಿವೆ.

ಹೆದರಬೇಡಿ ಎನ್ನುವಷ್ಟು ನನಗೂ ಗೊತ್ತಿಲ್ಲ. ಈ ಬದಲಾವಣೆಯನ್ನು ಈ ತನಕ ಯಾರೂ ಎಲ್ಲೂ ನೋಡಿಲ್ಲ, ಆದ್ದರಿಂದ ಇದೇ ಕೊಂದಿತೆಂದು ಹೇಳಲಾಗದು, ಇದು ನಿರಪರಾಧಿ ಎಂದೂ ಹೇಳಲಾಗದು. ಅದನ್ನು ತಿಳಿಯುವ ಒಂದು ದಾರಿ ನನ್ನ ಕೆಲಸದಲ್ಲೇ ಇದೆ. ಕಪಿಲನ ರಕ್ತದ ಜೀವಕೋಶಗಳು ಇಲ್ಲಿ ಇನ್ನೂ ಬದುಕಿವೆ. ಅವುಗಳನ್ನು ಹೃದಯದ ಕೋಶಗಳಾಗಿ ಬೆಳೆಸುತ್ತಿದ್ದೇನೆ. ಪೂನಮಳವನ್ನೂ, ಹೋಲಿಸಿ ನೋಡಲು ನಿಮ್ಮವನ್ನೂ. ತಿಂಗಳುಗಳು ಬೇಕು. ಅಲ್ಲಿಯ ತನಕ ಅವಳು ಓಡುವುದು ಬೇಡ. ಒಮ್ಮೆ ಇಲ್ಲಿಗೆ ಕರೆತನ್ನಿ, ಯಂತ್ರದ ಪಟ್ಟಿಯ ಮೇಲೆ ನಡೆಸಿ ಹೃದಯ ನೋಡುವ ಪರೀಕ್ಷೆ ಮಾಡಿಸೋಣ.

ನಿಮ್ಮ ಮುಕ್ತಾ


ಚಿಂತಾಕಿ
20 ಏಪ್ರಿಲ್ 2024

ಮುಕ್ತಾ,

ನಿನ್ನ ಕಾಗದ ಕೊಡುತ್ತ ಗೌಸೋದ್ದೀನ ಇಡೀ ಹೋಟೆಲಿಗೆ ಕೇಳುವಂತೆ ಅಂದ: “ಏ ದತ್ತು, ಈ ವಯಸ್ಸಿನಾಗ ಹೈದರಾಬಾದಿನಿಂದ ಖತ್ ಬರ್ತಾವಲೊ ನಿಂಗ! ಭಾಬಿಗೆ ಹೇಳ್ಲೇನು?” ನಾನೂ ಮೀಸೆ ತಿರುವಿ, “ಬರ್ತಾವ, ನಿಂಗ್ಯಾಕ ಹೊಟ್ಟಿಕಿಚ್ಚು?” ಎಂದೆ. ಓದಿದ ಮೇಲೆ ಚಹಾ ತಣ್ಣಗಾಯಿತು. ಇನ್ನೊಂದು ಕೊಟ್ಟ, ಅದೂ ತಣ್ಣಗಾಯಿತು. ಆಮೇಲೆ ಅವನೂ ಮಷ್ಕಿರಿ ಬಿಟ್ಟ.

ನನ್ನ ರಕ್ತದಲ್ಲಿ ಕೆಟ್ಟ ಅಕ್ಷರವೇ? ಬೋರ್ಡಿನ ಮೇಲೆ ಒಂದು ಒತ್ತು ತಪ್ಪದೆ ಬರೆದವನು ನಾನು. ಕುರಿ ಹಿಡಿದ ತೋಳವನ್ನು ಬರಿಗಾಲಲ್ಲಿ ಕುಶನೂರದ ತನಕ ಅಟ್ಟಿ, ಅದರ ಬಾಯಿಂದ ಮರಿ ಬಿಡಿಸಿಕೊಂಡು ಬಂದ ಹೃದಯ ಇದು. (ನಿನ್ನ ಅವ್ವ ಅದು ತೋಳವಲ್ಲ, ಬೀದಿನಾಯಿ ಎನ್ನುತ್ತಾಳೆ. ನಂಬಬೇಡ.) ಅಕ್ಕನ ಮಗಳನ್ನು ತರುವುದು ಈ ಊರಲ್ಲಿ ನಾನೇ ಮೊದಲು ಮಾಡಿದ್ದಲ್ಲ. ನಮ್ಮಪ್ಪ ಮಾಡಿದ್ದ, ಅವರಪ್ಪ ಮಾಡಿದ್ದ.

ಪೂನಮ ದಿನಾ ಬೆಳಗ್ಗೆ ಓಡುತ್ತಾಳೆ. ತಮ್ಮನ ಬೂಟು ಅವಳಿಗೆ ದೊಡ್ಡವು, ತುದಿಯಲ್ಲಿ ಹಳೇ ಸೀರೆಯ ಚೂರು ತುರುಕಿಕೊಳ್ಳುತ್ತಾಳೆ. ಆ ಚೂರು ತುರುಕಿ ಲಾಡಿ ಕಟ್ಟುವವಳು ನಿನ್ನ ಅಕ್ಕ. ಮಗ ಹೋದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದ ಹೆಂಗಸು ಈಗ ಕೋಳಿ ಕೂಗುವ ಮೊದಲೇ ಎದ್ದು ಮಗಳನ್ನು ಎಬ್ಬಿಸುತ್ತಾಳೆ, ಹಾಲು ಕಾಸುತ್ತಾಳೆ. ನಿನ್ನೆ ಕರಿ ಮರಿಗೆ ಬೈದಳು. ಅವಳ ಬೈಗುಳ ಕೇಳಿ ಎಷ್ಟು ದಿನವಾಗಿತ್ತು! ನವೆಂಬರದಲ್ಲಿ ಜಿಲ್ಲೆಯ ಓಟ. ಅಲ್ಲಿಯ ತನಕ ಅವಳು ಬದುಕಲು ಒಂದು ಕಾರಣವಿದೆ.

ಅದನ್ನು ನಿಲ್ಲಿಸು ಎನ್ನುತ್ತೀ. ಗೊತ್ತಿಲ್ಲ ಎಂದೂ ನೀನೇ ಬರೆದಿದ್ದೀ. ಗೊತ್ತಿಲ್ಲದ ಮಾತಿಗೆ ಹದಿನಾರರ ಹುಡುಗಿಯನ್ನು ಮೂಲೆಗೆ ಕೂಡಿಸಿ, ಹೃದಯದ ರೋಗಿ ಎಂದು ಹೆಸರಿಡಲೇ? ಗೊತ್ತಾದಾಗ ಬರೆ.

ನನ್ನ ಹೃದಯವನ್ನು ಚೆನ್ನಾಗಿ ಬೆಳೆಸು. ಅದಕ್ಕೆ ತಂಬಾಕಿನ ರೂಢಿಯಿದೆ.

ನಿನ್ನ ಮಾಮಾ,
ದತ್ತಾತ್ರಿ


ಹೈದರಾಬಾದ
14 ಜುಲೈ 2024

ಮಾಮಾ,

ಕಪಿಲನ ಕೋಶಗಳು ಬಡಿಯುತ್ತಿವೆ.

ಕಳೆದ ತಿಂಗಳು ಒಂದು ಬೆಳಗ್ಗೆ ಗಾಜಿನ ಬಟ್ಟಲನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟಾಗ ಮೂಲೆಯಲ್ಲೊಂದು ಗುಂಪು ತಾನಾಗಿ ಮಿಡಿಯುತ್ತಿತ್ತು. ಇಲ್ಲಿ ಅವನಿಗೆ ಹೆಸರಿಲ್ಲ, ಬಟ್ಟಲಿನ ಮೇಲೆ ಒಂದು ಸಂಖ್ಯೆ ಅಷ್ಟೇ. ಜೊತೆಯವರು ಚಪ್ಪಾಳೆ ತಟ್ಟಿದರು. ನಾನು ಕೈತೊಳೆಯುವ ನೆಪ ಹೇಳಿ ಹೊರಗೆ ಹೋದೆ.

ನಾವು ಏನು ನೋಡುತ್ತೇವೆ ಎಂದು ನಿಮಗೆ ಗೊತ್ತಿರಬೇಕು. ಹೃದಯದ ಕೋಶ ಒಮ್ಮೆ ಬಡಿಯಬೇಕಾದರೆ ಅದರೊಳಗಿನ ಚೀಲದಿಂದ ಕ್ಯಾಲ್ಸಿಯಂ ಹೊರಗೆ ಬರಬೇಕು. ನೀವು ತಂಬಾಕಿಗೆ ಹಚ್ಚುವ ಸುಣ್ಣದಲ್ಲಿರುವುದೂ ಅದೇ. ಬಡಿತ ಮುಗಿದ ಕೂಡಲೇ ಅದೆಲ್ಲ ಚೀಲಕ್ಕೆ ಮರಳಬೇಕು. ನಿಮ್ಮ ಕುರಿಗಳು ದೊಡ್ಡಿಯಿಂದ ಹೊರಟು ದೊಡ್ಡಿಗೆ ಮರಳುವ ಹಾಗೆ. ಇದು ಕಣ್ಣಿಗೆ ಕಾಣುವುದಿಲ್ಲ. ಕಾಣಿಸಲು ಒಂದು ಉಪಾಯವಿದೆ. ಸಮುದ್ರದ ಒಂದು ಜೆಲ್ಲಿಮೀನಿನ ಮೈಯಲ್ಲಿ ಹಸಿರಾಗಿ ಹೊಳೆಯುವ ಪ್ರೋಟೀನು ಇದೆ. ಕ್ಯಾಲ್ಸಿಯಂ ಸಿಕ್ಕರೆ ಹಿಡಿದುಕೊಳ್ಳುವ ಇನ್ನೊಂದು ಪ್ರೋಟೀನು ನಮ್ಮೆಲ್ಲರ ಮೈಯಲ್ಲಿದೆ. ಎರಡನ್ನೂ ಹೆಣೆದು, ಹೃದಯದ ಕೋಶಗಳೇ ಅದನ್ನು ತಮ್ಮೊಳಗೆ ತಯಾರಿಸಿಕೊಳ್ಳುವಂತೆ ಮಾಡಿದ್ದೇವೆ. ಕತ್ತಲೆ ಕೋಣೆಯಲ್ಲಿ ನೀಲಿ ಬೆಳಕು ಬಿಟ್ಟರೆ, ಕ್ಯಾಲ್ಸಿಯಂ ಬಂದ ಕ್ಷಣ ಕೋಶ ಹಸಿರಾಗಿ ಹೊಳೆಯುತ್ತದೆ, ಹೋದ ಕ್ಷಣ ಮಂಕಾಗುತ್ತದೆ. ಕೋಶವನ್ನು ಕೊಯ್ಯಬೇಕಿಲ್ಲ, ಕೊಲ್ಲಬೇಕಿಲ್ಲ. ಬದುಕಿರುವಾಗಲೇ ಅದು ತನ್ನ ಸಂಗತಿ ಹೇಳುತ್ತದೆ.

ಸುಮ್ಮನಿದ್ದಾಗ ಕಪಿಲನ ಕೋಶಗಳೂ ನಿಮ್ಮವೂ ಒಂದೇ ತರಹ. ಹೊಳಪು, ಮಂಕು, ಹೊಳಪು, ಮಂಕು. ಓಡುವಾಗ, ಹೆದರಿದಾಗ ಮೈಯಲ್ಲಿ ಏಳುವ ರಸದಂಥ ಔಷಧಿಯನ್ನು ಒಂದು ಹನಿ ಬಿಟ್ಟೆ. ನಿಮ್ಮವು ಬೇಗ ಬೇಗ ಬಡಿದವು, ಆದರೆ ಲಯ ತಪ್ಪಲಿಲ್ಲ. ಕಪಿಲನವುಗಳಲ್ಲಿ ಬಡಿತ ಮುಗಿದು ಕತ್ತಲಾಗಬೇಕಾದ ಹೊತ್ತಿನಲ್ಲಿ ಅಲ್ಲೊಂದು ಇಲ್ಲೊಂದು ಹಸಿರು ಕಿಡಿ ಎದ್ದಿತು. ದೊಡ್ಡಿಯ ಬಾಗಿಲು ಹಾಕಿದ ಮೇಲೂ ಬೇಲಿಯ ಸಂದಿನಿಂದ ಕುರಿ ನುಸುಳಿದ ಹಾಗೆ. ಆಮೇಲೆ ಆ ಕಿಡಿಗಳು ಸೇರಿ ಅಲೆಯಾಗಿ, ಕೋಶ ಹೊತ್ತಲ್ಲದ ಹೊತ್ತಿನಲ್ಲಿ ಬಡಿಯಿತು. ಮತ್ತೆ ಬಡಿಯಿತು.

ಆ ಮೈದಾನದ ಕೊನೆಯ ಸುತ್ತಿನಲ್ಲಿ ಅವನೊಳಗೆ ಆದದ್ದು ಇದು. ನಾನು ಕೂತು ನೋಡಿದೆ.

ಪೂನಮಳ ಕೋಶಗಳು ಇನ್ನೂ ಬೆಳೆಯುತ್ತಿವೆ. ಕಾಯಬೇಡಿ ಮಾಮಾ. ಅವಳ ಓಟ ನಿಲ್ಲಿಸಿ.

ಮುಕ್ತಾ


ಚಿಂತಾಕಿ
30 ಆಗಸ್ಟ್ 2024

ಮುಕ್ತಾ,

ಗಾಜಿನ ಬಟ್ಟಲಲ್ಲೂ ನನ್ನ ಹೃದಯ ಲಯ ತಪ್ಪಲಿಲ್ಲ ಎಂದು ಓದಿದೆ. ಬೇರೆ ದಿನವಾಗಿದ್ದರೆ ಕುಶನೂರದ ಬಸ್ ನಿಲ್ದಾಣದಲ್ಲಿ ನಿಂತು ಎಲ್ಲರಿಗೂ ಓದಿ ಹೇಳುತ್ತಿದ್ದೆ.

ಕೆಲವು ಮಾತು ಕೇಳುತ್ತೇನೆ, ಹಳ್ಳಿ ಸಾಲಿಯವನ ಪ್ರಶ್ನೆ ಎಂದು ನಗಬೇಡ. ಆ ಹನಿ ಬಿಟ್ಟಾಗ ಅವನಿಗೆ ನೋವಾಗುತ್ತದೆಯೇ? ಅವನ ಹೃದಯ ಅಲ್ಲಿ ಬಡಿಯುತ್ತಿದ್ದರೆ ನಾವು ಬದುವಿನಲ್ಲಿ ಮಣ್ಣು ಕೊಟ್ಟದ್ದು ಯಾರಿಗೆ? ಮತ್ತೆ, ಖಂಡ ಇಡದಿದ್ದರೆ ಕಾಗೆ ಇಳಿಯುತ್ತಿರಲಿಲ್ಲ ಎಂಬುದು ನನಗೆ ಗೊತ್ತು. ಅದು ಯಾಕೆ ಇಳಿಯಲಿಲ್ಲ ಎಂಬುದು ಈಗ ಗೊತ್ತಾಗುತ್ತಿದೆಯೋ ಏನೋ.

ಒಂದು ಸಂಗತಿ ಬರೆಯಲೋ ಬೇಡವೋ ಎಂದಿದ್ದೆ. ಹೋದ ವಾರ ಪೂನಮ ಓಡುತ್ತ ಬಂದವಳು ಬದುವಿನ ಮೇಲೆ ಕೂತುಬಿಟ್ಟಳು. “ಕಣ್ಣಿಗಿ ಕತ್ತಲಿ ಬಂತರಿ ಅಪ್ಪಾ,” ಎಂದಳು. ಖಾಲಿ ಹೊಟ್ಟೆ ಎಂದೆ ನಾನು. ಖಾಲಿ ಹೊಟ್ಟೆಯೇ ಇರಬೇಕು. ಅವ್ವನಿಗೆ ಹೇಳಬೇಡ ಎಂದು ಅವಳೇ ಕೈ ಹಿಡಿದುಕೊಂಡಳು. ಈ ಮನೆಯಲ್ಲಿ ಎಲ್ಲರೂ ರಾಧಿಕಾಳಿಂದ ಏನನ್ನಾದರೂ ಬಚ್ಚಿಡುತ್ತಿದ್ದೇವೆ.

ನಿಲ್ಲಿಸಲು ನೋಡಿದೆ. ಬೂಟನ್ನು ತೊಗರಿ ಚೀಲದ ಹಿಂದೆ ಅಡಗಿಸಿದೆ. ರಾಧಿಕಾ ಹುಡುಕಿ ತೆಗೆದು, “ಇದೂ ನಿಮ್ಮ ಚ್ಯಾಷ್ಟಿ ಏನರಿ?” ಎಂದಳು. ನಾನು ನಕ್ಕೆ. ನಗುವುದೊಂದೇ ರೂಢಿಯಾಗಿದೆ ಈ ಮುಖಕ್ಕೆ.

ದತ್ತಾತ್ರಿ ಮಾಮಾ


ಹೈದರಾಬಾದ
18 ಅಕ್ಟೋಬರ್ 2024

ಮಾಮಾ,

ಪೂನಮಳ ಕೋಶಗಳಲ್ಲೂ ಅದೇ ಕಿಡಿಗಳು. ಮೂರು ಸಲ ಬೇರೆ ಬೇರೆ ಬಟ್ಟಲುಗಳಲ್ಲಿ ನೋಡಿದೆ. ನಮ್ಮ ಗುರುಗಳೂ ನೋಡಿದರು. ಕಣ್ಣಿಗೆ ಕತ್ತಲೆ ಬಂದದ್ದು ಖಾಲಿ ಹೊಟ್ಟೆಯಿಂದಲ್ಲ.

ಗೌಸೋದ್ದೀನ ಚಾಚಾನ ಹೋಟೆಲಿಗೆ ಕಾಗದ ಹೋಗುವಷ್ಟು ಹೊತ್ತು ಕಾಯಲಾರದೆ ಫೋನು ಮಾಡಿದೆ. ಅಕ್ಕ ಎತ್ತಿದಳು. ಎಲ್ಲವನ್ನೂ ಹೇಳಿದೆ. ಅಕ್ಷರ, ಕೋಶ, ಹಸಿರು ಬೆಳಕು, ಕಪಿಲನ ಬಡಿತ ಎಲ್ಲವನ್ನೂ. ಅವಳು ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಅಂದಳು:

“ನೀ ಗಾಜಿನ ಬಟ್ಟಲದಾಗ ನೋಡಿದ್ದಿ ಮುಕ್ತಾ. ನಾ ನನ್ನ ಕಣ್ಣಲೆ ಕಾಗಿ ನೋಡೀನಿ. ಮತ್ಯಾವ ಮಾತಿಗೂ ಬರಲಿಲ್ಲ, ಓಟ ಅಂದಕೂಡ್ಲೇ ಬಂತು. ನನ್ನ ಮಗ ಬಾಯಿಬಿಟ್ಟು ಕೇಳ್ಯಾನ. ಕೇಳಿದ್ದು ಕೊಡಲಿಲ್ಲಂದ್ರ ಅವನ ಜೀವ ಎಲ್ಲಿ ಅಲೀತದ? ತಮ್ಮನ ಮಾತು ನಡೆಸೋ ಹುಡುಗಿಗಿ ಅವನೇ ಕಾಯ್ತಾನ.”

ಫೋನು ಇಟ್ಟಳು. ಮರುದಿನ ಎತ್ತಲಿಲ್ಲ. ಪೂನಮಳೂ ಎತ್ತಲಿಲ್ಲ. ಅವ್ವನನ್ನು ಭಾಲ್ಕಿಯಿಂದ ಕಳಿಸಿ ಹೇಳಿಸಿದೆ, ಅವಳ ಮಾತೂ ನಡೆಯಲಿಲ್ಲ.

ನನ್ನ ಹಸಿರು ಬೆಳಕು ಅಕ್ಕನ ಮುಂದೆ ಸೋತಿದೆ ಮಾಮಾ. ಅವಳ ನಂಬಿಕೆ ನಿಂತಿರುವುದು ಒಂದು ತುಣುಕು ಖಂಡದ ಮೇಲೆ, ಅದು ಗೊತ್ತಿರುವುದು ನಿಮಗೂ ನನಗೂ ಮಾತ್ರ. ನಾನು ಹೇಳಿದರೆ ನಂಬುವುದಿಲ್ಲ. ಅದನ್ನು ಇಟ್ಟವರೇ ಹೇಳಬೇಕು. ಹೇಳಿದರೆ ಅವಳಿಗೆ ಏನು ಉಳಿಯುತ್ತದೆ ಎಂದು ನೀವು ಕೇಳುತ್ತೀರಿ. ಪೂನಮ ಉಳಿಯುತ್ತಾಳೆ.

ಮುಕ್ತಾ


ಚಿಂತಾಕಿ
19 ನವೆಂಬರ್ 2024

ಮುಕ್ತಾ,

ಹೇಳಿದೆ.

ಇಷ್ಟೇ ಬರೆದು ಮುಗಿಸಬಹುದಿತ್ತು. ಆದರೆ ನಿನಗೆ ಬರೆಯದಿದ್ದರೆ ಇನ್ನು ನಾನು ಮಾತಾಡಲು ಯಾರೂ ಇಲ್ಲ.

ತೋಳಕ್ಕೆ ಹೆದರದವನು ಒಂದು ತಿಂಗಳು ಹೆಂಡತಿಗೆ ಹೆದರಿದೆ. ದಿನಾ ನಾಳೆ ಎಂದೆ. ಓಟದ ದಿನ ಬಂತು. ಬೀದರಿನ ಬಸ್ಸಿನಲ್ಲಿ ಹೇಳುತ್ತೇನೆ ಎಂದುಕೊಂಡೆ. ಔರಾದದಿಂದ ಬೀದರದ ತನಕ ಶೇಂಗಾ ತಿನ್ನಲು ಬಾಯಿ ತೆರೆಯಿತು, ಮಾತಿಗೆ ತೆರೆಯಲಿಲ್ಲ. ಮೈದಾನದಲ್ಲಿ ಸುಣ್ಣದ ಗೆರೆ ಎಳೆದಿದ್ದರು. ಪೂನಮ ಗೆರೆಯ ಆಚೆ ಹುಡುಗಿಯರ ಜೊತೆ ಮೈ ಸಡಿಲ ಮಾಡಿಕೊಳ್ಳುತ್ತಿದ್ದಳು. ಕಾಲಲ್ಲಿ ತಮ್ಮನ ಬೂಟು. ರಾಧಿಕಾಳ ಮುಖದಲ್ಲಿ ಮದುವೆ ಮನೆಯ ಕಳೆ.

“ಒಂದ್ ಮಾತ್ ಹೇಳೂದದ,” ಎಂದೆ.

“ಈಗೇನರಿ? ಹುಡುಗಿ ಓಡ್ಲಿ, ಆಮ್ಯಾಲ ಹೇಳ್ರಿ.”

“ಓಡೂದು ಬ್ಯಾಡ. ಕಾಗಿ ತಾನಾಗಿ ಬರ್ಲಿಲ್ಲ. ನಾಯಿಗಿಟ್ಟ ಖಂಡ ನಾ ಅನ್ನದಾಗ ಸಿಗಿಸಿದ್ದೆ. ಅದಕ್ಕ ಬಂತು.”

ಅವಳು ನಕ್ಕಳು ಮುಕ್ತಾ. ಗಟ್ಟಿಯಾಗಿಯೇ ನಕ್ಕಳು. “ನಿಮ್ಮ ಮಷ್ಕಿರಿಗಿ ಹೊತ್ತು ಗೊತ್ತು ಇಲ್ಲೇನರಿ? ಜನಾ ನೋಡ್ಲತ್ತಾರ.”

“ನನ್ನ ಆಣಿ.”

“ನಿಮ್ಮ ಆಣಿ ದಿನಕ್ಕ ಹತ್ ಕೇಳ್ತೇನಿ.”

ಇಪ್ಪತ್ತು ವರ್ಷ ನಾನು ಆಡಿದ ಸುಳ್ಳು, ಹೊಡೆದ ಬಡಾಯಿ ಎಲ್ಲ ಬಂದು ನನ್ನ ಬಾಯಿಯ ಮುಂದೆ ನಿಂತುಬಿಟ್ಟವು. ಖರೆ ಹೇಳಿದರೂ ಖರೆ ಎನಿಸದ ಬಾಯಿ. ಸೀಟಿ ಹಿಡಿದವ ಹುಡುಗಿಯರನ್ನು ಗೆರೆಗೆ ಕರೆದ.

“ಕಪಿಲನ ಆಣಿ,” ಎಂದೆ.

ಅವನು ಹೋದ ಮೇಲೆ ಆ ಆಣೆಯನ್ನು ನಾವಿಬ್ಬರೂ ಬಾಯಿಗೆ ತಂದಿರಲಿಲ್ಲ. ಅವಳ ನಗು ಮುಖದ ಮೇಲೆ ಹಾಗೇ ಇತ್ತು, ಅದರ ಹಿಂದಿದ್ದವಳು ಹೋಗಿಬಿಟ್ಟಳು. ನಡೆದು, ಸುಣ್ಣದ ಗೆರೆ ದಾಟಿ, ಮಗಳ ಮುಂದೆ ಕುಕ್ಕುರುಗಾಲಲ್ಲಿ ಕೂತು ಬೂಟಿನ ಲಾಡಿ ಬಿಚ್ಚತೊಡಗಿದಳು.

“ಅವ್ವಾ, ಏನ್ ಮಾಡ್ಲತ್ತಿ! ಅವ್ವಾ, ಬಿಡು! ಎಲ್ಲಾರೂ ನೋಡ್ಲತ್ತಾರ!” ಎಂದು ಪೂನಮ ಚೀರಿದಳು. ರಾಧಿಕಾ ತಲೆ ಎತ್ತಲಿಲ್ಲ. ಒಂದು ಬೂಟು ಬಿಚ್ಚಿದಳು, ಇನ್ನೊಂದು ಬಿಚ್ಚಿದಳು, ತುದಿಯ ಸೀರೆಯ ಚೂರನ್ನು ಹೊರಗೆ ತೆಗೆದು ಸೆರಗಿಗೆ ಕಟ್ಟಿಕೊಂಡಳು. ಪೂನಮಳಿಲ್ಲದೆ ಓಟ ನಡೆಯಿತು. ಯಾರು ಗೆದ್ದರೋ ನೋಡಲಿಲ್ಲ.

ಮರಳುವ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿಕೊಂಡು ಒಂದೇ ಮಾತು ಅಂದಳು: “ಅಂದ್ರ ನನ್ನ ಮಗ ಇನ್ನಾ ಹಸದಾನ.”

ಆ ಮೇಲೆ ನನ್ನೊಂದಿಗೆ ಮಾತಿಲ್ಲ. ನನ್ನ ತಾಟಿಗೆ ರೊಟ್ಟಿ ಹಾಕುತ್ತಾಳೆ, ಹಾಕುವ ಮೊದಲು ತಾಟಿನ ತಳ ನೋಡುತ್ತಾಳೆ, ಅಲ್ಲೂ ಏನಾದರೂ ಅಡಗಿಸಿದ್ದೇನೆಯೋ ಎಂಬಂತೆ. ಪೂನಮಳೂ ಮಾತಾಡುವುದಿಲ್ಲ. ಅವಳನ್ನು ಯಾವಾಗ ಕರೆತರಲಿ, ಬರೆ. ಭಾಲ್ಕಿಯಿಂದ ರೈಲಿಗೆ ಬರುತ್ತೇವೆ. ರಾಧಿಕಾ ತಾನೂ ಬರುತ್ತೇನೆ ಎಂದು ಪೂನಮಳ ಬಾಯಿಂದ ಹೇಳಿಸಿದ್ದಾಳೆ. ಅವನನ್ನು ನೋಡಬೇಕಂತೆ.

ದತ್ತಾತ್ರಿ


ಹೈದರಾಬಾದ
8 ಮಾರ್ಚ್ 2025

ಮಾಮಾ,

ಪೂನಮಳ ಹೊಸ ವರದಿ ಬಂದಿದೆ. ಡಿಸೆಂಬರಿನಲ್ಲಿ ನೀವು ಮೂವರೂ ಇಲ್ಲಿಗೆ ಬಂದಾಗ ಯಂತ್ರದ ಪಟ್ಟಿಯ ಮೇಲೆ ಕಂಡ ಅಡ್ಡಾದಿಡ್ಡಿ ಬಡಿತ ಮಾತ್ರೆಯಿಂದ ಬಹಳ ಮಟ್ಟಿಗೆ ಇಳಿದಿದೆ. ಇದೇ ಮಾತ್ರೆಯ ಔಷಧಿಯನ್ನು ಕಪಿಲನ ಬಟ್ಟಲಿಗೆ ಬಿಟ್ಟಾಗ ಕಿಡಿಗಳು ಕಡಿಮೆಯಾಗಿದ್ದವು. ಒಂದು ದಿನವೂ ತಪ್ಪಬಾರದು. ಓಡುವುದು ಇನ್ನಿಲ್ಲ. ಅವಳು ನನ್ನ ಮೇಲೆ ಸಿಟ್ಟಾಗಿದ್ದಾಳೆ, ಇರಲಿ.

ಡಿಸೆಂಬರಿನಲ್ಲಿ ಒಳಗೆ ನಡೆದದ್ದನ್ನು ನೀವು ಕೇಳಲಿಲ್ಲ, ನಾನೂ ಹೇಳಿರಲಿಲ್ಲ. ನೀವು ಹೊರಗಿನ ಬೆಂಚಿನಿಂದ ಏಳಲೇ ಇಲ್ಲ. ಕತ್ತಲೆ ಕೋಣೆಯಲ್ಲಿ ಅಕ್ಕ ಪರದೆಯ ಮುಂದೆ ಬಹಳ ಹೊತ್ತು ನಿಂತಳು. ಹಸಿರು ಬರುತ್ತಿತ್ತು, ಹೋಗುತ್ತಿತ್ತು. ಅಳಲಿಲ್ಲ. “ಉಣ್ಣಾಕ ಏನ್ ಹಾಕ್ತಿ?” ಎಂದು ಕೇಳಿದಳು. ಸಕ್ಕರೆ, ಉಪ್ಪು ಎಲ್ಲ ಇರುವ ಗುಲಾಬಿ ಬಣ್ಣದ ನೀರು, ದಿನ ಬಿಟ್ಟು ದಿನ ಬದಲಿಸುತ್ತೇವೆ ಎಂದೆ. “ಇವತ್ತ ನಾ ಹಾಕ್ತೇನಿ,” ಎಂದಳು. ಗುರುಗಳನ್ನು ಕೇಳಿ, ಕೈಗವಸು ತೊಡಿಸಿ, ಅವಳ ಕೈ ಹಿಡಿದು ಹಾಕಿಸಿದೆ. ಒಂದು ಹನಿಯೂ ಹೊರಗೆ ಚೆಲ್ಲಲಿಲ್ಲ.

ಅಂದಿನಿಂದ ಪೂನಮಳ ಕೈಯಲ್ಲಿ ಫೋನು ಮಾಡಿಸುತ್ತಾಳೆ. ಉಂಡನೇ ಎಂದು ಕೇಳುತ್ತಾಳೆ. ಉಂಡ ಎನ್ನುತ್ತೇನೆ.

ಕೆಲಸ ಮುಗಿದಿದೆ ಮಾಮಾ. ಕಪಿಲನ ಬಟ್ಟಲಿನ ಕೋಶಗಳು ಹಳೆಯವಾಗಿ ಬಡಿತ ಸಣ್ಣಗಾಗಿದೆ. ಬರುವ ಗುರುವಾರ ಬೆಳಗ್ಗೆ ನಿಲ್ಲಿಸಬೇಕು. ಹೆಪ್ಪುಗಟ್ಟಿಸಿದ ಒಂದು ಶೀಶೆ ಉಳಿಯುತ್ತದೆ, ಆದರೆ ಅದು ಬಡಿಯುವುದಿಲ್ಲ. ಬೇರೆ ಯಾರ ಕೈಗೂ ಕೊಡದೆ ನಾನೇ ಮಾಡುತ್ತೇನೆ. ಅಕ್ಕನಿಗೆ ಹೇಗೆ ಹೇಳಲಿ? ಇನ್ನೂ ಉಂಡ ಎನ್ನುತ್ತಲೇ ಇರಲೇ?

ನಿಮ್ಮ ಮುಕ್ತಾ


ಚಿಂತಾಕಿ
13 ಮಾರ್ಚ್ 2025, ಗುರುವಾರ

ಮುಕ್ತಾ,

ಉಂಡ ಎನ್ನಬೇಡ. ಆ ಕೆಲಸ ಒಮ್ಮೆ ನಾನು ಮಾಡಿದ್ದೇನೆ, ಸಾಕು.

ಕಾಗದ ಬಂದ ಸಂಜೆಯೇ ಅವಳಿಗೆ ಹೇಳಿದೆ. ಗುರುವಾರ ಬೆಳಗ್ಗೆ ನಿಲ್ಲುತ್ತದೆ, ಮುಕ್ತಾ ತನ್ನ ಕೈಯಿಂದ ನಿಲ್ಲಿಸುತ್ತಾಳೆ ಎಂದೆ. ಕುರಿಗೆ ಸೊಪ್ಪು ಹಾಕುತ್ತಿದ್ದಳು, ಹಾಕುತ್ತಲೇ ಇದ್ದಳು. ಜನವರಿಯಲ್ಲಿ ವರ್ಷದ ಎಡೆ ಇಡೋಣ ಎಂದಾಗ, “ಅವ ಅಲ್ಲಿ ಉಣ್ಲತ್ತಾನ, ಇಲ್ಲಿ ಯಾಕ?” ಎಂದು ಪೂನಮಳ ಮುಂದೆ ಅಂದಿದ್ದಳು. ಹಾಗಾಗಿ ವರ್ಷದ ಎಡೆಯೂ ಆಗಿರಲಿಲ್ಲ.

ಇಂದು ಬೆಳಗ್ಗೆ ನಾನೇ ಒಲೆ ಹಚ್ಚಿ ಅನ್ನ ಮಾಡಿದೆ. ತಳ ಹಿಡಿಯಿತು. ಈ ಕೈಗೆ ಬಾರದ ಕೆಲಸವೂ ಒಂದಿದೆ ಎಂದು ನಿನಗೆ ಮಾತ್ರ ಬರೆಯುತ್ತೇನೆ. ಅಂಗಿಯ ಜೇಬು ಒಳಗುಹೊರಗು ಮಾಡಿ ಝಾಡಿಸಿದೆ. ಬದುವಿಗೆ ಹೋಗಿ, ಕಲ್ಲಿನ ಮೇಲೆ ಎಲೆ ಹಾಸಿ ಮುದ್ದೆ ಇಟ್ಟೆ. ಯಾವ ಮಾತನ್ನೂ ಕೊಡಲಿಲ್ಲ. “ನಿನ್ನ ಅಕ್ಕ ಓಡೂದಿಲ್ಲಪಾ. ಅಂದು ನಾ ಸುಳ್ಳ ಮಾಡಿದ್ದೆ. ಇವತ್ತ ಬರೇ ಅನ್ನ ಅದ,” ಎಂದೆ, ಅಷ್ಟೇ. ಬೇವಿನ ಮರದಲ್ಲಿ ಒಂದೇ ಕಾಗೆ ಇತ್ತು.

ಬಹಳ ಹೊತ್ತಿನ ಮೇಲೆ ಹಿಂದೆ ಹೆಜ್ಜೆ ಸಪ್ಪಳವಾಯಿತು. ರಾಧಿಕಾ. ನವೆಂಬರದಿಂದ ನನ್ನ ಪಕ್ಕಕ್ಕೆ ಬಂದು ಕೂತದ್ದು ಇದೇ ಮೊದಲು. ಮುದ್ದೆಯನ್ನು ನೋಡಿದಳು, ನನ್ನನ್ನು ನೋಡಿದಳು.

“ಇದರಾಗ ಏನ್ ಅಡಗಿಸೀರಿ?”

ಎರಡೂ ಕೈಯಿಂದ ಮುದ್ದೆ ಒಡೆದು ತೋರಿಸಿದೆ. ಅನ್ನ ಬಿಟ್ಟು ಏನೂ ಇರಲಿಲ್ಲ. ಅವಳು ಬೆರಳಿನಿಂದ ಅದನ್ನೂ ಕೆದಕಿ ನೋಡಿದಳು. ಆಮೇಲೆ ಚೆದುರಿದ ಅಗುಳನ್ನು ಕೂಡಿಸಿ, ಅಂಗೈಯಲ್ಲಿ ಹೊರಳಿಸಿ, ಅವನು ಚಿಕ್ಕವನಿದ್ದಾಗ ಮಾಡಿ ಕೊಡುತ್ತಿದ್ದಂಥ ಸಣ್ಣ ಮುದ್ದೆ ಮಾಡಿ ಕಲ್ಲಿನ ಮೇಲೆ ಇಟ್ಟಳು. ಕೈ ಒರೆಸಿಕೊಳ್ಳಲಿಲ್ಲ.

ಈ ಕಾಗದವನ್ನು ಅಲ್ಲೇ ಕೂತು, ಮೊಣಕಾಲ ಮೇಲೆ ಇಟ್ಟುಕೊಂಡು ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿವೆ, ಯಾರಿಗೂ ತೋರಿಸಬೇಡ. ಹೊತ್ತು ಇಳಿಯುತ್ತಿದೆ. ಇಬ್ಬರೂ ಬೆಳಗಿನಿಂದ ನೀರು ಕುಡಿದಿಲ್ಲ.

ಕಾಗೆ ಇನ್ನೂ ಮರದ ಮೇಲೇ ಇದೆ.

ದತ್ತಾತ್ರಿ